ನಮ್ಮೂರ ಕಪ್ಪೆಗಳು ರಾತ್ರಿ ಎಲ್ಲಿಗೆ ಹೋಗುತ್ತವೆ?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, 'ನೀನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಇದ್ದೀ, ಮಕ್ಕಳಿಗೆ ಕಂಪ್ಯೂಟರ್ ಮತ್ತು ನೌಕರಿಯ ಬಗ್ಗೆ ನಾಲ್ಕು ಮಾತು ಹೇಳು' ಎಂದಿದ್ದರು. ನಾನು ಒಪ್ಪಿಕೊಂಡೆ. ಆದರೆ ಇಲ್ಲಿ ನಿಂತ ಮೇಲೆ ಬೇರೆ ಮಾತು ಆಡಬೇಕೆಂದು ತೀರ್ಮಾನ ಮಾಡಿದ್ದೇನೆ. ಹಿರಿಯರು ಕ್ಷಮಿಸಬೇಕು. ನಾನು ಇವತ್ತು ಕಪ್ಪೆಗಳ ಬಗ್ಗೆ ಮಾತಾಡುತ್ತೇನೆ. ನಗಬೇಡಿ. ಕೊನೆಗೆ ಒಂದು ತಪ್ಪೊಪ್ಪಿಗೆ ಇದೆ, ಒಂದು ಬೇಡಿಕೆಯೂ ಇದೆ. ಎರಡಕ್ಕೂ ಈ ಕಪ್ಪೆಗಳೇ ಕಾರಣ.

ಮೊದಲು ಹಳೆಯ ಮಾತು. ನಾವು 2004ರಲ್ಲಿ ಹತ್ತನೆಯ ತರಗತಿ ಮುಗಿಸಿದ ತಂಡ. ಆ ವರ್ಷ ನನಗೆ ಒಳ್ಳೆಯ ಅಂಕ ಬಂದವು. ನನ್ನ ಪಕ್ಕದಲ್ಲೇ ಕೂಡುತ್ತಿದ್ದ ಗೆಳೆಯನೊಬ್ಬ ಗಣಿತದಲ್ಲಿ ಫೇಲಾದ. ಅವನ ಹೆಸರು ಹೇಳುವುದಿಲ್ಲ, ಅವನು ಇಲ್ಲೇ ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದಾನೆ, ಊರಿಗೆಲ್ಲ ಗೊತ್ತು. ಫಲಿತಾಂಶದ ದಿನ ಶಾಲೆಯ ಹಿಂದಿನ ಬಾವಿಯ ಕಟ್ಟೆ ಮೇಲೆ ಕೂತಿದ್ದೆವು. ನಾನು ಭಾಲ್ಕಿಗೆ ಹೋಗಿ ಪಿಯುಸಿ ಸೇರುವವನಿದ್ದೆ. 'ಮತ್ತೆ ಪರೀಕ್ಷೆಗೆ ಕೂಡು, ನೀನೂ ಬಾ' ಎಂದೆ. ಅವನು, 'ಹೊಲ ಯಾರ್ ನೋಡ್ಬೇಕಪ್ಪಾ, ನಾ ಇಲ್ಲೇ ಇರ್ತೀನಿ' ಅಂದ. ಆಗ ನಾನು ಕನ್ನಡ ಪಾಠದಲ್ಲಿ ಹೊಸದಾಗಿ ಕಲಿತಿದ್ದ ಒಂದು ಪದವನ್ನು ಅವನ ಮುಖಕ್ಕೆ ಎಸೆದೆ. 'ಇರು, ಕೂಪಮಂಡೂಕ ಆಗಿ ಇರು' ಎಂದೆ. ಬಾವಿ ಪಕ್ಕದಲ್ಲೇ ಇತ್ತು, ಉಳಿದ ಹುಡುಗರೆಲ್ಲ ನಕ್ಕರು. ಅವನೂ ನಕ್ಕ. ಆಮೇಲೆ ಎರಡು ವರ್ಷ ಊರಲ್ಲಿ ಹುಡುಗರು ಅವನನ್ನು 'ಏ ಮಂಡೂಕ' ಎಂದು ಕರೆದರಂತೆ. ನಾನು ಭಾಲ್ಕಿಯ ಹಾಸ್ಟೆಲಿನಲ್ಲಿದ್ದೆ, ನನಗೆ ಗೊತ್ತಾಗಲೇ ಇಲ್ಲ.

ಭಾಲ್ಕಿಯಲ್ಲಿ ಎರಡು ವರ್ಷ, ಬೀದರಿನಲ್ಲಿ ಬಿಇ ನಾಲ್ಕು ವರ್ಷ. ಆಮೇಲೆ ಬೀದರ್ ಸ್ಟೇಷನ್ನಿನಲ್ಲಿ ಯಶವಂತಪುರದ ರೈಲು ಹತ್ತಿದವನು ಹಬ್ಬಕ್ಕೆ ಮಾತ್ರ ಊರು ನೋಡಿದೆ. ಎಳ್ಳಮಾಸಿಗೆ ಬರುವುದು, ಹೊಲದಲ್ಲಿ ಭಜ್ಜಿ-ರೊಟ್ಟಿ ತಿನ್ನುವುದು, ಫೋಟೊ ಹಾಕುವುದು, ಮರುದಿನ ಹೋಗುವುದು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಎಂದರು. ಓಡಾಟಕ್ಕೆ ಅನುಮತಿ ಸಿಕ್ಕ ಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದೆ. ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಶಾಲೆಯ ಕಂಪೌಂಡಿನ ಮೂಲೆಯಲ್ಲಿ, ಲೈಟಿನ ಕಂಬದ ಹತ್ತಿರ ಮಾತ್ರ ಸರಿಯಾಗಿ ಸಿಗುತ್ತಿತ್ತು. ಅಮೆರಿಕದವರ ಜೊತೆ ಮೀಟಿಂಗ್ ಇದ್ದರೆ ರಾತ್ರಿ ಹನ್ನೊಂದರ ತನಕ ಅಲ್ಲೇ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ. ಅವ್ವ ಮನೆ ಬಾಗಿಲಲ್ಲಿ ನಿಂತು, 'ಹಗಲು ಹೊತ್ತು ಮಲಗ್ತಾನ, ರಾತ್ರಿ ಕಂಬದ ಬುಡಕ್ಕ ಕೂಡ್ತಾನ, ಇದೆಂಥ ನೌಕರಿ' ಎಂದು ಬೈಯುತ್ತಿದ್ದಳು.

ಮೃಗಶಿರಾ ಮಳೆ ಬಿದ್ದ ಮೇಲೆ ಆ ಕಂಬದ ಬುಡಕ್ಕೆ ನನ್ನ ಹಾಗೆಯೇ ರಾತ್ರಿ ಪಾಳಿ ಮಾಡುವವರು ಬರತೊಡಗಿದರು. ನೆಲಗಪ್ಪೆಗಳು. ಮೈ ಮೇಲೆ ಗುಳ್ಳೆ ಗುಳ್ಳೆ ಇರುವ, ಕುಪ್ಪಳಿಸುವುದಕ್ಕಿಂತ ನಡೆಯುವುದೇ ಹೆಚ್ಚು ಎನ್ನಿಸುವ, ನಮ್ಮ ಬಚ್ಚಲ ಹತ್ತಿರ ಇರುವ ಅದೇ ಕಪ್ಪೆ. ಲೈಟಿಗೆ ಬಂದ ಹುಳ ಕೆಳಗೆ ಬಿದ್ದ ಕೂಡಲೇ ನಾಲಗೆ ಚಾಚಿ ನುಂಗುತ್ತಿದ್ದವು.

ಒಂದು ರಾತ್ರಿ ನನ್ನ ಗೆಳೆಯ ಬ್ಯಾಟರಿ ಹಿಡಿದುಕೊಂಡು ಬಂದ. ಅವನು ಹೊಲದ ಜೊತೆಗೆ ಊರಿಗೆ ನಲ್ಲಿ ನೀರು ಬಿಡುವ ಕೆಲಸವನ್ನೂ ಮಾಡುತ್ತಾನೆ, ರಾತ್ರಿ ವಾಲ್ ತಿರುಗಿಸಲು ಈ ದಾರಿಯಲ್ಲೇ ಹೋಗಬೇಕು.

'ಏನ್ ನೋಡ್ಲತ್ತಿ?' ಅಂದ.

'ಕಪ್ಪಿ' ಅಂದೆ.

'ಅದಾ? ಅದು ಮುತ್ಯಾ. ದಿನಾ ಇಲ್ಲೇ ಕೂಡ್ತದ. ಆಕಡಿದು ಪೋಸ್ಟ್‌ಮನ್. ಇಲ್ಲಿಂದ ಚಾವಡಿ, ಚಾವಡಿಯಿಂದ ಗುಡಿ, ಹಂಗೇ ಸುತ್ತು ಹಾಕಿ ಬರ್ತದ. ಇನ್ನೊಂದ್ ಕುಂಟಿ ಅದ, ಅದು ಭಾಳ ತಿರುಗಾ. ಹಳ್ಳದ ಸೇತುವಿ ತನಕಾ ಹೋಗ್ತದ.'

ನಾನು ಚೇಷ್ಟೆ ಎಂದುಕೊಂಡೆ. ಕಪ್ಪೆಯಿಂದ ಕಪ್ಪೆಯನ್ನು ಗುರುತಿಸುವುದು ಹೇಗೆ? ಅವನು ನೆಲಕ್ಕೆ ಕೂತು ಬ್ಯಾಟರಿ ಹಿಡಿದು ತೋರಿಸಿದ. ಮುತ್ಯಾನ ಎಡ ಭುಜದ ಮೇಲೆ ಮೂರು ಗುಳ್ಳೆ ಒಂದೇ ಸಾಲಿನಲ್ಲಿವೆ. ಪೋಸ್ಟ್‌ಮನ್ನಿನ ಬೆನ್ನಿನ ಮೇಲೆ ಒಂದು ಕಪ್ಪು ಮಚ್ಚೆ ಹೊಲದ ಬದುವಿನಂತೆ ಡೊಂಕಾಗಿದೆ. ಕುಂಟಿಗೆ ಹಿಂಗಾಲಿನ ಒಂದು ಬೆರಳೇ ಇಲ್ಲ. ವರ್ಷಗಟ್ಟಲೆ ಈ ದಾರಿಯಲ್ಲಿ ರಾತ್ರಿ ಓಡಾಡಿದವನಿಗೆ ಅವು ಓಣಿಯ ಜನರಷ್ಟೇ ಪರಿಚಯ.

ಮರುದಿನದಿಂದ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆವು. ಕಪ್ಪೆಯನ್ನು ಮುಟ್ಟದೆ ಮೇಲಿನಿಂದ ಮೊಬೈಲಿನಲ್ಲಿ ಒಂದು ಫೋಟೊ. ಯಾವ ಕಪ್ಪೆ, ಎಷ್ಟು ಹೊತ್ತಿಗೆ, ಎಲ್ಲಿ, ಕಂಬದಿಂದ ಎಷ್ಟು ಹೆಜ್ಜೆ, ನೆಲ ಹಸಿ ಇತ್ತೋ ಒಣ ಇತ್ತೋ, ಇಷ್ಟೇ. ಸೆಪ್ಟೆಂಬರಿನ ತನಕ 52 ರಾತ್ರಿ ಬರೆದೆವು. ಸರಿಯಾಗಿ ಗುರುತು ಸಿಕ್ಕ ಕಪ್ಪೆಗಳು ಒಂಬತ್ತು. ಇದು ಸಂಶೋಧನೆಯಲ್ಲ, ಇಬ್ಬರು ಗೆಳೆಯರ ಹವ್ಯಾಸ. ಆದರೆ ನೋಡುತ್ತಾ ಹೋದಂತೆ ನನಗೆ ಓದುವ ಹುಚ್ಚು ಹಿಡಿಯಿತು. ಓದಿದ್ದರಲ್ಲಿ ಕೆಲವನ್ನು ಮಕ್ಕಳಿಗಾಗಿ ಹೇಳುತ್ತೇನೆ.

ಕಪ್ಪೆ ರಾತ್ರಿಯೇ ಯಾಕೆ ಹೊರಬರುತ್ತದೆ? ಅದು ನಮ್ಮ ಹಾಗೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರಿಕೊಳ್ಳುತ್ತದೆ. ಹೊಟ್ಟೆಯ ಕೆಳಭಾಗದ ಚರ್ಮ ಹಸಿ ನೆಲಕ್ಕೆ ತಾಗಿದರೆ ಸಾಕು. ಆದರೆ ನೀರು ಒಳಗೆ ಬರುವ ಚರ್ಮದಿಂದಲೇ ನೀರು ಹೊರಗೂ ಹೋಗುತ್ತದೆ. ನಮ್ಮ ಬೀದರ್ ಜಿಲ್ಲೆಯ ಬಿಸಿಲಿನಲ್ಲಿ ಹಗಲು ಹೊತ್ತು ತಿರುಗಿದರೆ ಅದು ಒಣಗಿ ಸಾಯುತ್ತದೆ. ಅದಕ್ಕೆ ಹಗಲು ಕಲ್ಲಿನ ಸಂದಿ, ಮಣ್ಣಿನ ಬಿಲ, ಒಗೆಯುವ ಕಲ್ಲಿನ ಬುಡ. ರಾತ್ರಿ ಮಾತ್ರ ಸಂಚಾರ. ಹೊರಟ ಪ್ರತಿಯೊಂದು ಹೆಜ್ಜೆಯೂ ಅದಕ್ಕೆ ಲೆಕ್ಕ. ದೂರ ಹೋದರೆ ಹೆಚ್ಚು ಹುಳ ಸಿಗಬಹುದು, ಹೊಸ ನೀರು ಸಿಗಬಹುದು. ಆದರೆ ಬೆಳಗಾಗುವುದರೊಳಗೆ ಅಡಗಲು ಜಾಗ ಸಿಗದಿದ್ದರೆ ಕಥೆ ಮುಗಿಯಿತು.

ಹಾಗಾದರೆ ಯಾವ ಕಪ್ಪೆ ಎಷ್ಟು ದೂರ ಹೋಗುತ್ತದೆ ಎಂದು ತಿಳಿಯುವುದು ಹೇಗೆ? ವಿಜ್ಞಾನಿಗಳು ಹಲವು ಉಪಾಯ ಮಾಡಿದ್ದಾರೆ. ಒಂದು ಉಪಾಯ ನಮ್ಮ ದರ್ಜಿಯವರಿಗೆ ಹಿಡಿಸೀತು. ದಾರದ ಸಣ್ಣ ಸುರುಳಿಯನ್ನು ಕಪ್ಪೆಯ ಬೆನ್ನಿಗೆ ಕಟ್ಟಿ, ದಾರದ ತುದಿಯನ್ನು ಒಂದು ಗೂಟಕ್ಕೆ ಕಟ್ಟಿ ಬಿಡುವುದು. ಕಪ್ಪೆ ಹೋದಂತೆಲ್ಲ ದಾರ ಬಿಚ್ಚುತ್ತಾ ಹೋಗುತ್ತದೆ. ಬೆಳಿಗ್ಗೆ ದಾರ ಹಿಡಿದು ನಡೆದರೆ ಅದು ರಾತ್ರಿ ನಡೆದ ದಾರಿಯೆಲ್ಲ ಕಾಣುತ್ತದೆ. ಇನ್ನೊಂದು, ಸೊಂಟಕ್ಕೆ ಪುಟ್ಟ ರೇಡಿಯೋ ಯಂತ್ರ ಕಟ್ಟಿ ಅದರ ಸಂಕೇತ ಹಿಡಿದು ಹುಡುಕುವುದು. ಮೂರನೆಯದು ನನ್ನ ಗೆಳೆಯನ ವಿದ್ಯೆ, ಮೈಮೇಲಿನ ಗುರುತು. ನಮ್ಮ ಹೆಬ್ಬೆಟ್ಟಿನ ಗೆರೆಯಂತೆ ಅವುಗಳ ಮಚ್ಚೆಯೂ ಬೇರೆ ಬೇರೆ. ಈಗ ಅದನ್ನು ಫೋಟೊದಲ್ಲಿ ಹೋಲಿಸಿ ನೋಡುವ ಸಾಫ್ಟ್‌ವೇರುಗಳೂ ಇವೆ. ನಾನು ಸಂಬಳ ತೆಗೆದುಕೊಂಡು ಮಾಡುವ ಕೆಲಸವನ್ನು ಅವನು ಬ್ಯಾಟರಿ ಹಿಡಿದು ಪುಕ್ಕಟೆ ಮಾಡುತ್ತಿದ್ದ.

ಹೀಗೆ ನೋಡಿದವರಿಗೆಲ್ಲ ಕಂಡದ್ದು ಒಂದೇ. ಒಂದೇ ಜಾತಿ, ಒಂದೇ ಕೆರೆ, ಒಂದೇ ಮಳೆ. ಆದರೂ ಒಂದು ಕಪ್ಪೆ ಹತ್ತು ಹೆಜ್ಜೆಯೊಳಗೆ ರಾತ್ರಿ ಕಳೆಯುತ್ತದೆ, ಇನ್ನೊಂದು ಊರು ದಾಟುತ್ತದೆ.

ಇದರಲ್ಲಿ ಹೆಸರಾದ ಕಥೆ ಆಸ್ಟ್ರೇಲಿಯಾದ್ದು. ನಮ್ಮ ಭಾಲ್ಕಿ ಕಡೆ ಇರುವಂತೆ ಅಲ್ಲಿಯ ಕ್ವೀನ್ಸ್‌ಲ್ಯಾಂಡಿನಲ್ಲೂ ಕಬ್ಬು ಬೆಳೆಯುತ್ತಾರೆ. ಕಬ್ಬು ತಿನ್ನುವ ಹುಳಕ್ಕೆ ಮದ್ದು ಎಂದು 1935ರಲ್ಲಿ ಹವಾಯಿಯಿಂದ ಕೇನ್ ಟೋಡ್ ಎಂಬ ದೊಡ್ಡ ನೆಲಗಪ್ಪೆಯನ್ನು ತಂದು ಬಿಟ್ಟರು. ಅದು ಕಬ್ಬಿನ ಹುಳವನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದು ದೇಶದ ಉದ್ದಕ್ಕೂ ಹಬ್ಬುತ್ತಾ ಹೋಯಿತು. ಮೊದಮೊದಲು ವರ್ಷಕ್ಕೆ ಸುಮಾರು 10 ಕಿಲೋಮೀಟರ್ ಹಬ್ಬುತ್ತಿದ್ದದ್ದು, ಆಮೇಲೆ ವರ್ಷಕ್ಕೆ 50 ಕಿಲೋಮೀಟರಿಗೂ ಹೆಚ್ಚಾಯಿತು. ಯಾಕೆಂದು 2006ರಲ್ಲಿ ಅಲ್ಲಿಯ ವಿಜ್ಞಾನಿಗಳು ತೋರಿಸಿದರು. ಎಲ್ಲಕ್ಕಿಂತ ಮುಂದೆ ಹೋಗುತ್ತಿದ್ದ ಕಪ್ಪೆಗಳ ಹಿಂಗಾಲು ಅವುಗಳ ಮೈಯಳತೆಗೆ ಹೋಲಿಸಿದರೆ ಹೆಚ್ಚು ಉದ್ದವಿತ್ತು. ದೂರ ಹೋಗುವ ಕಪ್ಪೆಗಳು ಮುಂದೆ ಸೇರಿದವು, ಅಲ್ಲಿ ಅವುಗಳಿಗೆ ಸಿಕ್ಕ ಜೋಡಿಯೂ ದೂರ ಬಂದದ್ದೇ, ಅವುಗಳ ಮರಿಯೂ ದೂರ ಹೋಗುವಂಥದ್ದೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಅದೇ ತಂಡದವರು ಇನ್ನೊಂದನ್ನು ಪ್ರಕಟಿಸಿದರು. ಹಾಗೆ ಮುಂದೆ ಓಡುವ ದೊಡ್ಡ ಕಪ್ಪೆಗಳಲ್ಲಿ ನೂರಕ್ಕೆ ಸುಮಾರು ಹತ್ತರ ಬೆನ್ನುಮೂಳೆಯಲ್ಲಿ ಸಂಧಿವಾತ. ಇದನ್ನು ಓದಿದ ದಿನ ನಾನು ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ಕೂತಿದ್ದೆ. ಬೆಂಗಳೂರಿಗೆ ಓಡಿಹೋದ ನಮ್ಮ ತಂಡದ ಏಳು ಜನ ಇಂಜಿನಿಯರುಗಳಲ್ಲಿ ನಾಲ್ವರಿಗೆ ಬೆನ್ನುನೋವಿದೆ. ನಾವು ಕಪ್ಪೆಗಳಿಗಿಂತ ಬಹಳ ಮುಂದೆ ಇದ್ದೇವೆ!

ಇಷ್ಟು ಓದಿ ನಾನು ಒಂದು ತೀರ್ಮಾನಕ್ಕೆ ಬಂದೆ. ಮುತ್ಯಾ ಕೂಡುವ ಜಾತಿ, ಕುಂಟಿ ತಿರುಗುವ ಜಾತಿ, ಅವು ಹುಟ್ಟಿದ್ದೇ ಹಾಗೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡು ಪಟ್ಟಿ ಮಾಡಿ ಹೆಸರು ತುಂಬಿಬಿಟ್ಟೆ.

ಆಗಸ್ಟಿನಲ್ಲಿ ಆ ಪಟ್ಟಿ ಕೆಟ್ಟಿತು. ಒಂದು ರಾತ್ರಿ ಜೋರು ಮಳೆ. ಮರುದಿನ ಕಂಬದ ಬುಡದಲ್ಲಿ ಮುತ್ಯಾ ಇಲ್ಲ. ನಾಲ್ಕು ದಿನ ಇಲ್ಲ. ನಾಯಿ ಕಚ್ಚಿರಬೇಕು ಎಂದುಕೊಂಡೆ. ಐದನೆಯ ರಾತ್ರಿ ಗೆಳೆಯ ಫೋನ್ ಮಾಡಿದ. ಮುತ್ಯಾ ಶಾಲೆಯ ಹಿಂದಿನ ಬಾವಿಯ ಆಚೆ, ತೊಗರಿ ಹೊಲದ ಬದುವಿನ ಮೇಲಿತ್ತು. ಕಂಬದಿಂದ ಅಳೆದರೆ ಮುನ್ನೂರು ಹೆಜ್ಜೆಗೂ ಹೆಚ್ಚು. ಇತ್ತ ಊರೂರು ತಿರುಗುವ ಕುಂಟಿ ನಮ್ಮ ಬಚ್ಚಲ ಕಲ್ಲಿನ ಬುಡಕ್ಕೆ ಬಂದು ಹನ್ನೊಂದು ರಾತ್ರಿ ಅಲ್ಲೇ ಇತ್ತು, ಅಂಗಳ ದಾಟಲಿಲ್ಲ.

ನಾನು ತಲೆ ಕೆರೆದುಕೊಂಡೆ. ಗೆಳೆಯ ನಕ್ಕು ಒಂದು ಮಾತು ಹೇಳಿದ. 'ನಾಲ್ಕ್ ದಿನಾ ನೋಡಿ ಹೆಸರಿಟ್ರ ಹಿಂಗೇ ಆಗ್ತದ.'

ಅವನು ಕಪ್ಪೆಯ ಬಗ್ಗೆಯೇ ಹೇಳಿದ್ದು. ಆದರೆ ನನಗೆ 2004ರ ಬಾವಿಯ ಕಟ್ಟೆ ನೆನಪಾಯಿತು. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಆಮೇಲೆ ಕೆನಡಾದ ಒಂದು ಅಧ್ಯಯನ ಓದಿದೆ. ಈರಿ ಎಂಬ ದೊಡ್ಡ ಸರೋವರದ ದಡದಲ್ಲಿ ಲಾಂಗ್ ಪಾಯಿಂಟ್ ಎಂಬ ಮರಳಿನ ಜಾಗವಿದೆ. ಅಲ್ಲಿಯ ಫೌಲರ್ ನೆಲಗಪ್ಪೆಗಳು ಹಗಲು ಮರಳಿನಲ್ಲಿ ಹೂತುಕೊಂಡಿದ್ದು ರಾತ್ರಿ ದಡಕ್ಕೆ ಬಂದು ಹುಳ ತಿನ್ನುತ್ತವೆ. ರೇಡಿಯೋ ಕಟ್ಟಿ ಅವುಗಳನ್ನು ಹಿಂಬಾಲಿಸಿ, ಸಿಕ್ಕ ಲೆಕ್ಕದಿಂದ ಕಂಪ್ಯೂಟರಿನಲ್ಲಿ ಒಂದು ಮಾದರಿ ಮಾಡಿದರು. ಅದು 2017ರಲ್ಲಿ ಪ್ರಕಟವಾಯಿತು. ಅದರ ನಿಯಮ ಬಹಳ ಸರಳ. ರಾತ್ರಿ ಮುಗಿದಾಗ ಕಪ್ಪೆ ಒಂದೋ ಮೊದಲು ಮಲಗಿದ್ದ ಯಾವುದಾದರೂ ಜಾಗಕ್ಕೆ ಮರಳುತ್ತದೆ, ಇಲ್ಲವೇ ಹೊಸ ಜಾಗದಲ್ಲಿ ಉಳಿಯುತ್ತದೆ. ಇಷ್ಟರಿಂದಲೇ ಒಂದೇ ಜಾಗಕ್ಕೆ ಅಂಟಿಕೊಳ್ಳುವುದೂ ಬಹುದೂರ ಹೋಗುವುದೂ ಎರಡೂ ಕಾಣಿಸಿದವು.

ಕಂಪ್ಯೂಟರ್ ನನ್ನ ಕಸುಬು. ನಾನೂ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಕಂಪ್ಯೂಟರಿನೊಳಗೆ ನೂರು ಕಪ್ಪೆ. ಎಲ್ಲಕ್ಕೂ ಒಂದೇ ಕಾಲು, ಒಂದೇ ಬುದ್ಧಿ, ಒಂದೇ ನಿಯಮ. ಪ್ರತಿ ರಾತ್ರಿ ಒಂದು ನಾಣ್ಯ ಚಿಮ್ಮುವುದು. ರಾಜ ಬಿದ್ದರೆ ಹಳೆಯ ಬಿಲಕ್ಕೆ ವಾಪಸು, ರಾಣಿ ಬಿದ್ದರೆ ನಿಂತಲ್ಲೇ ಹೊಸ ಬಿಲ. ಅರವತ್ತು ರಾತ್ರಿ ಓಡಿಸಿ ನೋಡಿದೆ. ಕೆಲವು ಕಪ್ಪೆ ಹೊರಟ ಜಾಗದ ಹತ್ತಿರವೇ ಇದ್ದವು, ಕೆಲವು ಪರದೆಯ ಅಂಚು ದಾಟಿ ಹೋಗಿದ್ದವು. ಗೊತ್ತಿಲ್ಲದವರು ನೋಡಿದರೆ, 'ಇದು ಸಾಹಸಿ ಕಪ್ಪೆ, ಇದು ಸೋಮಾರಿ ಕಪ್ಪೆ' ಎನ್ನುತ್ತಾರೆ. ಆದರೆ ಅವುಗಳ ನಡುವೆ ಎಳ್ಳಷ್ಟೂ ವ್ಯತ್ಯಾಸ ನಾನು ಇಟ್ಟಿರಲಿಲ್ಲ. ಇದ್ದದ್ದು ನಾಣ್ಯ ಮಾತ್ರ.

ಹಾಗಂತ ಸ್ವಭಾವವೇ ಇಲ್ಲ ಎಂದಲ್ಲ. ಆಸ್ಟ್ರೇಲಿಯಾದ ಕಪ್ಪೆಯ ಕಾಲು ನಿಜವಾಗಿಯೂ ಉದ್ದ. ನಮ್ಮ ಪೋಸ್ಟ್‌ಮನ್ ಮರುವರ್ಷದ ಮಳೆಗಾಲದಲ್ಲೂ ಅದೇ ಸುತ್ತು ಹಾಕಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಸ್. ಕೆ. ಸೈದಾಪುರ ಅವರು ಮತ್ತು ಅವರ ಜೊತೆಗಾರರು ನಮ್ಮ ಇದೇ ನೆಲಗಪ್ಪೆಯ ಗೊದಮೊಟ್ಟೆಗಳನ್ನು ಪರೀಕ್ಷಿಸಿ, ಅವು ಒಡಹುಟ್ಟಿದವನ್ನು ಗುರುತಿಸಿ ಅವುಗಳ ಕಡೆಗೇ ಹೋಗುತ್ತವೆ ಎಂದು ತೋರಿಸಿದ್ದಾರೆ. ಬಾಲ ಕರಗದ ಮರಿಗೇ ಅಷ್ಟು ತಿಳಿವಳಿಕೆ ಇದ್ದರೆ ದೊಡ್ಡದಕ್ಕೆ ಸ್ವಭಾವ ಇರದೆ ಇದ್ದೀತೇ? ನಾನು ಹೇಳುವುದು ಇಷ್ಟು. ಸ್ವಭಾವ ಯಾವುದು, ಅವತ್ತಿನ ಮಳೆ ಯಾವುದು, ಬರಿಯ ಅದೃಷ್ಟ ಯಾವುದು ಎಂದು ಬೇರ್ಪಡಿಸಬೇಕಾದರೆ ಒಂದೇ ಕಪ್ಪೆಯನ್ನು ಬಹಳ ರಾತ್ರಿ ನೋಡಬೇಕು. ಒಂದು ರಾತ್ರಿ ನೋಡಿ ಕಪ್ಪೆ ಹೇಗಿದೆ ಎಂದು ಹೇಳಲಾಗದು. ಗುರುಗಳೇ, ಒಂದು ಪರೀಕ್ಷೆ ನೋಡಿ ಹುಡುಗ ಹೇಗಿದ್ದಾನೆ ಎಂದೂ ಹೇಳಲಾಗದು.

ಅಂದಹಾಗೆ, ರಾತ್ರಿ ಕೂತು ನೋಡಿದವರಿಗೆ ನಮ್ಮ ನಾಡಿನಲ್ಲೂ ಏನೇನೋ ಸಿಕ್ಕಿದೆ. ಉತ್ತರ ಕನ್ನಡದ ತೊರೆಯೊಂದರ ದಡದಲ್ಲಿ ಮೊಟ್ಟೆಗೆ ಕೈಯಿಂದ ಮಣ್ಣು ಮೆತ್ತುವ ಕಪ್ಪೆಯೊಂದನ್ನು ಡಾ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಲೋಕಕ್ಕೆ ಪರಿಚಯಿಸಿದರು. ಮಣ್ಣು ಮೆತ್ತುವುದರಿಂದ ಅದಕ್ಕೆ ಕುಂಬಾರ ಕಪ್ಪೆ ಎಂದೇ ಹೆಸರು. ದೂರದರ್ಶಕ ಬೇಡ, ಪ್ರಯೋಗಾಲಯ ಬೇಡ. ತಾಳ್ಮೆ ಮತ್ತು ಬ್ಯಾಟರಿ ಸಾಕು. ನಮ್ಮ ಜಿಲ್ಲೆಯ ಮಕ್ಕಳಿಗೂ ಅದು ಆಗದ ಕೆಲಸವಲ್ಲ.

ಈಗ ನನ್ನ ತಪ್ಪೊಪ್ಪಿಗೆ.

2018ರಲ್ಲಿ, ನಾನು ಬೆಂಗಳೂರಿನಲ್ಲಿದ್ದಾಗ, ನಡುರಾತ್ರಿ ಅಪ್ಪನಿಗೆ ಎದೆನೋವು ಬಂತು. ಅವ್ವ ಮೊದಲು ನನಗೆ ಫೋನ್ ಮಾಡಲಿಲ್ಲ. ಮಾಡಿದ್ದರೆ ನಾನು ಏಳುನೂರು ಕಿಲೋಮೀಟರ್ ದೂರದಿಂದ ಏನು ಮಾಡುತ್ತಿದ್ದೆ? ಅವಳು ಓಣಿಯ ತುದಿಗೆ ಹೋಗಿ ಇವನ ಬಾಗಿಲು ಬಡಿದಳು. ಇವನು ಅಪ್ಪನನ್ನು ತನ್ನ ಟಂಟಂ ಗಾಡಿಯಲ್ಲಿ ಮಲಗಿಸಿಕೊಂಡು ಔರಾದಿಗೆ, ಅಲ್ಲಿಂದ ಬೀದರಿಗೆ, ಆ ಕತ್ತಲಲ್ಲಿ ನಲವತ್ತು ಕಿಲೋಮೀಟರಿನಷ್ಟು ದಾರಿ ಹೋದ. ಎಲ್ಲಿ ರಸ್ತೆ ಕೆಟ್ಟಿದೆ, ಯಾವ ಹಳ್ಳಕ್ಕೆ ನೀರು ಬಂದಿದೆ, ಯಾವ ದಾರಿ ಬಳಸಬೇಕು ಎಂದು ಅವನಿಗೆ ಗೊತ್ತಿತ್ತು. ಅಪ್ಪ ಉಳಿದ. ಇವತ್ತು ಆ ಎರಡನೇ ಸಾಲಿನಲ್ಲಿ ಟೊಪ್ಪಿಗೆ ಹಾಕಿಕೊಂಡು ಕೂತಿದ್ದಾನೆ. ನಾನು ಮರುದಿನ ಸಂಜೆ ಬಂದು ಮುಟ್ಟಿದೆ. ಇವನು ಆಸ್ಪತ್ರೆಯ ಹೊರಗೆ ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಿದ್ದ. 'ಬಂದೇನು? ಊಟ ಆಯ್ತಾ?' ಅಂದ. ಅಷ್ಟೇ.

ಇದ್ದ ಜಾಗವನ್ನು ಅಂಗೈಯಂತೆ ತಿಳಿದ ಒಬ್ಬನು ಉಳಿದಿದ್ದ ಕಾರಣಕ್ಕೆ ನನ್ನ ಅಪ್ಪ ಬದುಕಿದ. ಕಪ್ಪೆಗಳಲ್ಲೂ ಹೀಗೇ. ದೂರ ಹೋಗುವವು ಇರದಿದ್ದರೆ ಹೊಸ ಕೆರೆಗೆ ಕಪ್ಪೆ ಸೇರುವುದಿಲ್ಲ, ಇದ್ದ ಕೆರೆ ಬತ್ತಿದರೆ ಸಂತಾನವೇ ಹೋಗುತ್ತದೆ. ಉಳಿಯುವವು ಇರದಿದ್ದರೆ ಗಾಡಿ ಚಕ್ರಕ್ಕೆ, ಬಿಸಿಲಿಗೆ, ಹಾವಿಗೆ ಸಿಕ್ಕಿ ಎಲ್ಲವೂ ದಾರಿಯಲ್ಲೇ ಮುಗಿಯುತ್ತವೆ. ಎರಡೂ ಬೇಕು. ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ.

ಬಾವಿಯ ಬಗ್ಗೆಯೂ ನನಗೆ ತಿಳಿವಳಿಕೆ ಇರಲಿಲ್ಲ. ಬಿಇ ಓದುವಾಗ ಬೀದರಿನ ನೌಬಾದಿನ ಮೇಲೆ ಎಷ್ಟೋ ಸಲ ಓಡಾಡಿದ್ದೇನೆ. ಅಲ್ಲಿ ನೆಲದ ಕೆಳಗೆ ಬಹಮನಿ ಕಾಲದ ಸುರಂಗ ಬಾವಿ ಇದೆ, ಕರೇಜ್ ಎನ್ನುತ್ತಾರೆ. ಮೇಲಿನಿಂದ ನೋಡಿದರೆ ಬೇರೆ ಬೇರೆ ಬಾವಿ. ಕೆಳಗೆ ಇಳಿದರೆ ಕಲ್ಲು ಕೊರೆದ ಒಂದೇ ಕಾಲುವೆ ಎಲ್ಲವನ್ನೂ ಕೂಡಿಸಿದೆ. ಬಾವಿ ಎಂದರೆ ಇಕ್ಕಟ್ಟಾದ ಒಂಟಿ ಗುಂಡಿ ಎಂದು ತಿಳಿದವನು ನಾನು. ಬಾವಿಯ ಬಾಯಿಯನ್ನಷ್ಟೇ ನೋಡಿ ಅಷ್ಟೇ ಬಾವಿ ಎಂದುಕೊಂಡಿದ್ದೆ.

ಆದ್ದರಿಂದ, ಇಪ್ಪತ್ತು ವರ್ಷದ ಹಿಂದೆ ಈ ಶಾಲೆಯ ಬಾವಿಯ ಕಟ್ಟೆ ಮೇಲೆ ಆಡಿದ ಮಾತನ್ನು ಇವತ್ತು ಗುರುಗಳ ಮುಂದೆ, ಊರಿನ ಮುಂದೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ದೋಸ್ತ, ತಪ್ಪಾಯಿತು. ನಿನ್ನ ಗಣಿತದ ಒಂದು ಪತ್ರಿಕೆ ನೋಡಿ ನಿನ್ನ ಇಡೀ ಬದುಕಿಗೆ ಹೆಸರಿಟ್ಟೆ. ನಾಣ್ಯ ನನ್ನ ಕಡೆಗೆ ಬಿದ್ದಿತ್ತು, ನಾನು ಅದನ್ನೇ ನನ್ನ ಶಾಣ್ಯಾತನ ಎಂದುಕೊಂಡೆ. ನಮ್ಮ ಮನೆಯಲ್ಲಿ ಎತ್ತು-ಹೊಲ ನೋಡಲು ಅಣ್ಣನಿದ್ದ, ನಿಮ್ಮ ಮನೆಯಲ್ಲಿ ನೀನೇ ಹಿರಿಯ. ಆ ಒಂದು ಲೆಕ್ಕವನ್ನು ನಾನು ಅವತ್ತು ಹಿಡಿಯಲೇ ಇಲ್ಲ.

ಇನ್ನು ಬೇಡಿಕೆ. ಇದು ಸಮಿತಿಯ ಹಿರಿಯರಿಗೆ.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಹಿಂದಿನ ಬಾವಿಯನ್ನು ಮುಚ್ಚಿ, ಪಕ್ಕದ ತಗ್ಗಿಗೆ ಮುರುಮ್ ತುಂಬಿ, ಸಿಮೆಂಟ್ ಹಾಕಿ ರಂಗಮಂದಿರ ಕಟ್ಟಬೇಕು ಎಂಬ ಮಾತು ನಡೆದಿದೆ. ಮಕ್ಕಳ ಜೀವದ ಭಯದಿಂದ ಹೀಗೆ ಯೋಚಿಸಿದ್ದೀರಿ ಎಂದು ಗೊತ್ತು. ಆ ಭಯ ಸುಳ್ಳಲ್ಲ. ಬಾವಿ ತೆರೆದೇ ಇರಲಿ ಎಂದು ನಾನು ಹೇಳುವುದಿಲ್ಲ. ಎದೆಮಟ್ಟ ಕಟ್ಟೆ ಕಟ್ಟಿ, ಮೇಲೆ ಕಬ್ಬಿಣದ ಗಟ್ಟಿ ಜಾಳಿಗೆ ಹಾಕಿ ಕೀಲಿ ಹಾಕೋಣ. ಅದರ ಖರ್ಚನ್ನು ನಮ್ಮ 2004ರ ತಂಡ ಹೊರುತ್ತದೆ. ಈಗಾಗಲೇ ಮಾತಾಡಿ ಬಂದಿದ್ದೇವೆ.

ಆದರೆ ಪಕ್ಕದ ತಗ್ಗನ್ನು ಹಾಗೇ ಬಿಡಿ ಎಂದು ಕೈ ಮುಗಿದು ಕೇಳುತ್ತೇನೆ. ಮಳೆಗಾಲದಲ್ಲಿ ಅಲ್ಲಿ ಮೊಣಕಾಲು ಮಟ್ಟವೂ ನೀರು ನಿಲ್ಲುವುದಿಲ್ಲ. ಮುತ್ಯಾ ಆ ರಾತ್ರಿ ಮುನ್ನೂರು ಹೆಜ್ಜೆ ನಡೆದು ಹೋದದ್ದು ಆ ಕಡೆಗೇ. ಊರಿನ ನೆಲಗಪ್ಪೆಗಳು ಮೊಟ್ಟೆ ಇಡುವುದು ಅಲ್ಲಿ. ಜಪಮಾಲೆಯಂತೆ ಸಾಲಾಗಿ ಕರಿಯ ಮೊಟ್ಟೆ, ಕೆಲವು ವಾರದಲ್ಲಿ ಉಗುರಿನಷ್ಟು ಮರಿ. ಆ ತಗ್ಗಿಗೆ ಮುರುಮ್ ಬಿದ್ದರೆ ಕೂಡುವ ಕಪ್ಪೆಯೂ ಇಲ್ಲ, ತಿರುಗುವ ಕಪ್ಪೆಯೂ ಇಲ್ಲ. ಹೊಲದ ಹುಳ ತಿನ್ನುವವರು ಅಷ್ಟು ಕಡಿಮೆಯಾಗುತ್ತಾರೆ. ರಂಗಮಂದಿರಕ್ಕೆ ಕಂಪೌಂಡಿನ ಮೂಡಣ ಮೂಲೆಯಲ್ಲಿ ಜಾಗವಿದೆ, ಗುರುಗಳಿಗೂ ತೋರಿಸಿದ್ದೇನೆ.

ಇನ್ನೆರಡು ಸಣ್ಣ ಮಾತು. ಚರಂಡಿಗೆ ಬಿದ್ದ ನೆಲಗಪ್ಪೆ ನುಣ್ಣನೆಯ ಸಿಮೆಂಟ್ ಗೋಡೆ ಹತ್ತಲಾರದು. ಅಲ್ಲಲ್ಲಿ ಗೋಣಿತಟ್ಟು ಸುತ್ತಿದ ಒಂದು ಹಲಗೆ ಓರೆಯಾಗಿ ಇಟ್ಟರೆ ಹತ್ತಿ ಬರುತ್ತದೆ. ಮತ್ತು ಮೊದಲ ದೊಡ್ಡ ಮಳೆಯ ರಾತ್ರಿ ಶಾಲೆಯ ಮುಂದಿನ ರಸ್ತೆಯಲ್ಲಿ ಬೈಕು, ಟ್ರ್ಯಾಕ್ಟರ್ ಸ್ವಲ್ಪ ನಿಧಾನ ಹೋಗಲಿ. ಅವತ್ತು ಅವು ಮದುವೆಗೆ ಹೊರಟಿರುತ್ತವೆ. ಮಳೆ ಬರಲಿ ಎಂದು ಕಪ್ಪೆಗೆ ಮದುವೆ ಮಾಡಿಸುವ ನಾಡು ನಮ್ಮದು. ಮಳೆ ಬಂದ ಮೇಲೆ ಅವು ತಾವೇ ಮಾಡಿಕೊಳ್ಳುವ ಮದುವೆಗೆ ದಾರಿ ಬಿಡೋಣ.

ಮಕ್ಕಳೇ, ನಿಮಗೊಂದು ಕೆಲಸ. ನಮ್ಮ ನೋಟ್‌ಬುಕ್ಕನ್ನು ಇವತ್ತು ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ. ಅರ್ಧ ಖಾಲಿ ಇದೆ. ಪ್ರತಿ ಮಳೆಗಾಲ ಎಂಟನೆಯ ತರಗತಿಯವರು ದೊಡ್ಡವರ ಜೊತೆಗೆ ಹೋಗಿ ತುಂಬಿಸಬೇಕು. ಕಾಲಿಗೆ ಬೂಟು ಇರಲಿ, ಹಾವಿನ ಭಯವಿದೆ. ಕಪ್ಪೆಯನ್ನು ಹಿಡಿಯಬೇಡಿ, ನೋಡಿ ಬರೆಯಿರಿ. ಮುಟ್ಟಿದರೆ ಕೈಗೆ ಗುಳ್ಳೆ ಏಳುತ್ತದೆ ಎನ್ನುವುದು ಸುಳ್ಳು. ಆದರೆ ಅದರ ಕಿವಿಯ ಹಿಂದಿನ ಗಂಟಿನಿಂದ ವಿಷದ ಹಾಲು ಬರುತ್ತದೆ, ಕಣ್ಣಿಗೆ ತಾಗಿದರೆ ಉರಿಯುತ್ತದೆ. ತಪ್ಪಿ ಮುಟ್ಟಿದರೆ ಕೈ ತೊಳೆಯಿರಿ. ಮೊದಲ ಪುಟದಲ್ಲಿ ನಾನು ಮಾಡಿದ ಎರಡು ಪಟ್ಟಿ ಇದೆ, ಅದರ ಮೇಲೆ ನನ್ನ ಗೆಳೆಯ ಪೆನ್ನಿನಿಂದ ಅಡ್ಡ ಗೆರೆ ಎಳೆದಿದ್ದಾನೆ. ಆ ಪುಟ ಹರಿಯಬೇಡಿ. ಅದೂ ಪಾಠವೇ.

ನಿಮ್ಮಲ್ಲಿ ಕೆಲವರು ಬೀದರ್ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತೀರಿ. ಹೋಗಿ, ಭಯಪಡಬೇಡಿ. ಕೆಲವರು ಇಲ್ಲೇ ಉಳಿಯುತ್ತೀರಿ. ಉಳಿಯಿರಿ, ನಾಚಬೇಡಿ. ಹೋದವರು ಉಳಿದವರಿಗೆ ಹೆಸರಿಡಬೇಡಿ, ಉಳಿದವರು ಹೋದವರ ಮನೆಯ ಬಾಗಿಲು ಮರೆಯಬೇಡಿ. ಇವತ್ತು ಹೋದವನು ನಾಳೆ ಬಂದಾನು, ಇವತ್ತು ಕೂತವನು ನಾಳೆಯ ಮಳೆಗೆ ಎದ್ದು ಹೊರಟಾನು.

ಮಾತು ಉದ್ದವಾಯಿತು, ಊಟದ ಹೊತ್ತಾಗಿದೆ.  ಕಂಬಕ್ಕೆ ಒರಗಿ ನಿಂತವನು ಈಗ ಮುಂದೆ ಬಂದು, ಈ ನೋಟ್‌ಬುಕ್ಕನ್ನು ತನ್ನ ಕೈಯಾರೆ ಗುರುಗಳಿಗೆ ಕೊಡಬೇಕು ಎಂದು ಕೇಳಿಕೊಳ್ಳುತ್ತೇನೆ. ಇದರಲ್ಲಿ ಬರೆದದ್ದು ನಾನು, ನೋಡಿದ್ದು ಅವನು.